ಸೇಲಂನಲ್ಲಿ ಕಂಡ ಪಿಂಗಾಣಿ ಬಟ್ಟಲು

ಅಮ್ಮ ಮೈಸೂರು ಶೈಲಿಯ ಚಿತ್ರ ಬರೆಯುತ್ತಾರೆ. ಅಮೆರಿಕದ ಬಾಸ್ಟನ್ನಿನ ನಮ್ಮ ಮನೆಗೆ ಬಂದಿದ್ದಾಗ ಅವರನ್ನು ಹತ್ತಿರದ ಸೇಲಂ ಊರಿನ ಪೀಬಡಿ ಎಸೆಕ್ಸ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಚೀನಾದವರು ಹೊರದೇಶದ ಗಿರಾಕಿಗಳಿಗೆಂದೇ ಮಾಡಿದ ಪಿಂಗಾಣಿ, ಬೀಸಣಿಗೆ, ಬೆಳ್ಳಿ ಸಾಮಾನು ಅಲ್ಲಿ ಬೇಕಾದಷ್ಟಿದೆ. ಅಮ್ಮ ಎಲ್ಲ ಬಿಟ್ಟು ಪಂಚ್ ಎಂಬ ಪಾನೀಯ ಬೆರೆಸಿ ಬಡಿಸುವ ಒಂದು ದೊಡ್ಡ ಬಟ್ಟಲಿನ ಮುಂದೆ ನಿಂತುಬಿಟ್ಟರು.

ಬಿಳಿ ಪಿಂಗಾಣಿಯ ಮೇಲೆ ಅಮೆರಿಕದ ಬಾವುಟ ಹೊತ್ತ ಹಡಗು. ಗ್ರ್ಯಾಂಡ್ ಟರ್ಕ್ ಅಂತ ಹೆಸರು, ಜೊತೆಗೆ ಕ್ಯಾಂಟನ್, 1786 ಅಂತ ಬರಹ.

“ಈ ಹಗ್ಗಗಳನ್ನ ನೋಡು, ಒಂದೊಂದೂ ಕೂದಲೆಳೆ. ಎಲ್ಲೂ ಕೈ ನಡುಗಿಲ್ಲ. ಅದೂ ಬಾಗಿದ ಮೈ ಮೇಲೆ! ಬಟ್ಟಲು ತಿರುಗಿಸ್ತಾ ಗೆರೆ ಎಳೀಬೇಕಲ್ವಾ?” ಅಂದರು.

ಆಗ ಚೀನಾದಲ್ಲಿ ಪಾಶ್ಚಾತ್ಯ ಹಡಗುಗಳು ವ್ಯಾಪಾರಕ್ಕೆ ಹೋಗಬಹುದಾಗಿದ್ದ ಬಂದರು ಕ್ಯಾಂಟನ್, ಅಂದರೆ ಇಂದಿನ ಗುವಾಂಗ್‌ಝೌ. ಪಿಂಗಾಣಿ ಸುಡುತ್ತಿದ್ದದ್ದು ಮಾತ್ರ ದೂರದ ಜಿಂಗ್‌ಡೆಝೆನ್‌ನಲ್ಲಿ. ಬರೀ ಬಿಳಿ ಪಾತ್ರೆಗಳು ನದಿಯಲ್ಲಿ ದೋಣಿಯೇರಿ, ಕೂಲಿಗಳ ಹೆಗಲ ಮೇಲೆ ಘಾಟಿ ಇಳಿದು ಬರುತ್ತಿದ್ದವು. ಗಿರಾಕಿ ಕೇಳಿದ ಚಿತ್ರವನ್ನು ಕ್ಯಾಂಟನ್ನಿನಲ್ಲಿ ಬಣ್ಣದಲ್ಲಿ ಬರೆದು, ಕಡಿಮೆ ಶಾಖದಲ್ಲಿ ಇನ್ನೊಮ್ಮೆ ಸುಡುತ್ತಿದ್ದರು. ಹಡಗಿನ ತಳದಲ್ಲಿ ಪಿಂಗಾಣಿ, ಅದರ ಮೇಲೆ ಟೀ ಪೆಟ್ಟಿಗೆ. ಒಳಗೆ ನೀರು ಜಿನುಗಿದರೂ ಪಿಂಗಾಣಿಗೆ ಏನೂ ಆಗುವುದಿಲ್ಲ. ಗ್ರ್ಯಾಂಡ್ ಟರ್ಕ್ 1787ರಲ್ಲಿ ಸೇಲಂಗೆ ವಾಪಸ್ಸಾಯಿತು.

ಆದರೆ ಬಟ್ಟಲಿನ ಮೇಲಿರುವುದು ಆ ಹಡಗಿನ ಚಿತ್ರವೇ ಅಲ್ಲ. ಇಂಗ್ಲೆಂಡಿನಲ್ಲಿ ಅಚ್ಚಾದ, ಹಡಗುಗಳ ಕುರಿತ ಪುಸ್ತಕವೊಂದರ ಚಿತ್ರವನ್ನು ನೋಡಿ ಬರೆದದ್ದು. ಹೆಸರು, ಬಾವುಟ ಬದಲಾಯಿಸಿ ಬೇರೆ ಹಡಗಿನವರಿಗೂ ಇದೇ ಚಿತ್ರ ಹಾಕಿಕೊಟ್ಟಿದ್ದಾರೆ. ಇದನ್ನು ಹೇಳಿದಾಗ ಅಮ್ಮನಿಗೆ ಬೇಸರವಾಗಬಹುದು ಅಂದುಕೊಂಡೆ. ಅವರ ಉತ್ಸಾಹ ಇನ್ನೂ ಜಾಸ್ತಿಯಾಯಿತು. “ಅಚ್ಚಿನಲ್ಲಿ ಬರೀ ಕಪ್ಪು ಗೆರೆ ತಾನೇ? ಬಣ್ಣ ಎಲ್ಲಾ ಇವರೇ ಯೋಚಿಸಿ ಹಾಕಿರಬೇಕು,” ಅಂತ ಬಟ್ಟಲಿನ ಆ ಕಡೆಗೆ ಹೋದರು.

ರಫ್ತಿನ ಮಾಲು, ಯಾರದೋ ರುಚಿಗೆ ಮಾಡಿದ ನಕಲು ಅಂತ ಇಂಥ ಪಾತ್ರೆಗಳನ್ನು ಕೀಳಾಗಿ ನೋಡುವವರಿದ್ದಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ತಾವು ಯಾವತ್ತೂ ಕಾಣದ ಊರಿನವರ ಊಟದ ಮೇಜಿಗೆ ಇಷ್ಟು ನಿಗಾ ಇಟ್ಟು ದುಡಿದವರು ಇವರು. ಪಿಂಗಾಣಿಗೆ ಚಿತ್ರ ಬರೆಯುವ ಅಂಗಡಿಗಳಲ್ಲಿ ಅಂಚು ಒಬ್ಬರು, ಹೂವು ಒಬ್ಬರು ಅಂತ ಕೆಲಸ ಹಂಚಿಕೊಳ್ಳುತ್ತಿದ್ದರು. ಹಾಗಾಗಿ ಈ ಹಗ್ಗಗಳನ್ನು ಎಳೆದವರು ಯಾರೋ, ಹೆಸರು ಸಿಗುವುದಿಲ್ಲ.

ಸೇಲಂ ಬಾಸ್ಟನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಚಿತ್ರ ಬರೆಯುವವರು ಜೊತೆಗಿದ್ದರೆ ಬೆಳಿಗ್ಗೆಯೇ ಹೋಗಿ.