ಪಂಚಾಂಗ ನೋಡಿ ಚಂದ್ರನ ಫೋಟೊ: ರಾಮನ್ ಕುಳಿ ಸಿಕ್ಕಿತು

ರಾಮನ್ ಕುಳಿ ಕೊನೆಗೂ ಫೋಟೊದಲ್ಲಿ ಬಿದ್ದಿದೆ. ಪರದೆಯ ಮೇಲೆ ಉದ್ದಕ್ಕೆ ಇಪ್ಪತ್ತು ಚಿಲ್ಲರೆ ಪಿಕ್ಸೆಲ್, ಅಡ್ಡಕ್ಕೆ ಅದರರ್ಧ, ಅಷ್ಟೇ. ಆದರೂ ಪಶ್ಚಿಮದ ಒಳಗೋಡೆಗೆ ಬಿಸಿಲು ಬಿದ್ದಿರುವುದು, ಪೂರ್ವದ ಗೋಡೆಯ ನೆರಳು ಒಳಗೆ ಚಾಚಿರುವುದು ತಿಳಿಯುತ್ತದೆ. ಸರ್ ಸಿ.ವಿ. ರಾಮನ್ ಹೆಸರಿನ ಈ ಕುಳಿ ಹತ್ತು ಹನ್ನೊಂದು ಕಿ.ಮೀ. ಅಗಲದ್ದು, ಚಂದ್ರನ ಪಶ್ಚಿಮಕ್ಕೆ 55 ಡಿಗ್ರಿ ರೇಖಾಂಶದಲ್ಲಿದೆ. ಅಂಚಿನ ಕಡೆ ಇರುವುದರಿಂದ ನಾವು ಅದನ್ನು ಓರೆಯಾಗಿ ನೋಡುತ್ತೇವೆ. ದುಂಡಗಿನ ಕುಳಿ ಮೊಟ್ಟೆಯಾಕಾರಕ್ಕೆ ತಿರುಗುವುದು ಅದಕ್ಕೇ.

ಸಲಕರಣೆ ಹಳೆಯದೇ: ಆರಿಂಚಿನ ಡಾಬ್ಸೋನಿಯನ್ (ಕೈಯಲ್ಲೇ ತಿರುಗಿಸುವ ಕನ್ನಡಿ ಟೆಲಿಸ್ಕೋಪ್), ಫೋಕಲ್ ಲೆಂತ್ 1200 ಮಿ.ಮೀ., ಅದಕ್ಕೊಂದು ಚಿತ್ರ ಇಮ್ಮಡಿಸುವ 2ಎಕ್ಸ್ ಬಾರ್ಲೋ ಲೆನ್ಸ್, 2.9 ಮೈಕ್ರಾನ್ ಪಿಕ್ಸೆಲ್‌ನ ಕಪ್ಪು-ಬಿಳುಪು ಕ್ಯಾಮೆರಾ. ಈ ಜೋಡಿಯಲ್ಲಿ ಒಂದು ಪಿಕ್ಸೆಲ್ ಅಂದರೆ ಚಂದ್ರನ ಮೇಲೆ ಸುಮಾರು 460 ಮೀಟರ್. ಪಕ್ಕದ ಮನೆಯ ಹುಡುಗಿ ಬಂದಾಗಲೆಲ್ಲ "ಅಂಕಲ್, ವಿಕ್ರಮ್ ಕಾಣ್ಸುತ್ತಾ?" ಅಂತ ಕೇಳುತ್ತಾಳೆ. 2023ರ ಆಗಸ್ಟ್ 23ರಂದು ಅದು ಇಳಿದ ಪ್ರದೇಶ ಎಲ್ಲಿ ಅಂತ ತೋರಿಸಬಹುದು, ದಕ್ಷಿಣಕ್ಕೆ 69 ಡಿಗ್ರಿಯಲ್ಲಿ. ಎರಡು ಮೀಟರಿನ ಲ್ಯಾಂಡರ್ ಮಾತ್ರ ಭೂಮಿಯ ಮೇಲಿನ ಯಾವ ಟೆಲಿಸ್ಕೋಪಿಗೂ ಕಾಣುವುದಿಲ್ಲ.

ಈ ಕೆಲಸದಲ್ಲಿ ನನಗೆ ಹೆಚ್ಚು ನೆರವಾಗಿರುವುದು ಮನೆಯ ಪಂಚಾಂಗ. ಸೂರ್ಯ ಚಂದ್ರರ ನಡುವಿನ ಕೋನ 12 ಡಿಗ್ರಿ ಹೆಚ್ಚಲು ಹಿಡಿಯುವ ಕಾಲವೇ ಒಂದು ತಿಥಿ. ಆ ಕೋನ ಹೆಚ್ಚಿದಷ್ಟೇ ಚಂದ್ರನ ಮೇಲೆ ಬೆಳಕು-ಕತ್ತಲ ಗಡಿ ಪಶ್ಚಿಮಕ್ಕೆ ಸರಿಯುತ್ತದೆ. ಶುಕ್ಲಪಕ್ಷದ ಅಷ್ಟಮಿಯ ನಟ್ಟನಡುವೆ ಕೋನ 90, ಗಡಿ ಸೊನ್ನೆ ರೇಖಾಂಶದ ಮೇಲೆ. ಅಲ್ಲಿಂದ ಮುಂದೆ ಕೋನದಲ್ಲಿ 90 ಕಳೆದರೆ ಎಷ್ಟನೇ ಪಶ್ಚಿಮ ರೇಖಾಂಶದಲ್ಲಿ ಸೂರ್ಯ ಹುಟ್ಟುತ್ತಿದ್ದಾನೆ ಅಂತ ಲೆಕ್ಕ ಸಿಗುತ್ತದೆ. ಕೋಪರ್ನಿಕಸ್ ಕುಳಿ ಪಶ್ಚಿಮಕ್ಕೆ 20 ಡಿಗ್ರಿಯಲ್ಲಿದೆ, ಅಂದರೆ ಕೋನ 110, ದಶಮಿಯ ಶುರು. ಕುಳಿಯ ಮೇಲೆ ಬಿಸಿಲು ಓರೆಯಾಗಿ ಬೀಳುವಾಗಲೇ ಉಬ್ಬುತಗ್ಗು ಕಾಣುವುದು. ಹುಣ್ಣಿಮೆ ನೋಡಲು ಚೆಂದ, ಫೋಟೊಗೆ ಸಪ್ಪೆ.

ನವಮಿಗೆ ನನಗಿಷ್ಟವಾದದ್ದು ರುಪೀಸ್ ರೆಕ್ಟಾ. 110 ಕಿ.ಮೀ. ಉದ್ದಕ್ಕೆ ಗೆರೆ ಎಳೆದಂತಿರುವ ಇಳಿಜಾರು ಅದು. ಶುಕ್ಲಪಕ್ಷದಲ್ಲಿ ಅದರ ನೆರಳು ಪಶ್ಚಿಮಕ್ಕೆ ಬಿದ್ದು ಕಪ್ಪು ಗೆರೆಯಾಗಿ ಕಾಣುತ್ತದೆ. ಕೃಷ್ಣಪಕ್ಷದ ಅಷ್ಟಮಿಗೆ ಅದೇ ಇಳಿಜಾರಿಗೆ ನೇರ ಬಿಸಿಲು, ಬೆಳ್ಳನೆಯ ಗೆರೆ. ಎರಡೂ ಫೋಟೊ ಈಗ ನನ್ನ ಹತ್ತಿರ ಇವೆ, ಕಪ್ಪಿನದೇ ಚೆನ್ನಾಗಿದೆ.

ಎರಡು ಎಚ್ಚರಿಕೆ. ಸೂರ್ಯಸಿದ್ಧಾಂತದ ಪಂಚಾಂಗದಲ್ಲಿ ತಿಥಿ ಕೆಲವು ಗಂಟೆಗಳಷ್ಟು ಹಿಂದುಮುಂದಾಗಬಹುದು, ಹಾಗಾಗಿ ಆಕಾಶದಲ್ಲಿ ಕಾಣುವುದಕ್ಕೆ ಹೊಂದುವಂತೆ ಲೆಕ್ಕ ಹಾಕಿದ ದೃಗ್ಗಣಿತದ್ದೇ ಇರಲಿ. ಮತ್ತೆ, ಚಂದ್ರ ನಮ್ಮ ಕಣ್ಣಿಗೆ ಪೂರ್ವ ಪಶ್ಚಿಮವಾಗಿ ಎಂಟು ಡಿಗ್ರಿಯವರೆಗೆ ತೂಗಾಡುತ್ತಾನೆ, ಅದರಿಂದ ಲೆಕ್ಕ ಅರ್ಧ ತಿಥಿಗೂ ಹೆಚ್ಚು ಜಾರುತ್ತದೆ. ತಿಥಿ ನೋಡಿ ರಾತ್ರಿ ಆರಿಸಿಕೊಂಡು, ಉಳಿದದ್ದನ್ನು ಸಾಫ್ಟ್‌ವೇರಿನಲ್ಲಿ ಖಚಿತ ಮಾಡಿಕೊಳ್ಳುತ್ತೇನೆ.

ರಾಮನ್ ಕುಳಿಗೆ ಕೋನ 145 ಬೇಕು, ಅಂದರೆ ದ್ವಾದಶಿ ಮುಗಿದು ತ್ರಯೋದಶಿ ಹಿಡಿದ ಮೇಲೆ. "ಅಮ್ಮ, ದ್ವಾದಶಿ ಎಷ್ಟು ಗಂಟೆವರೆಗಿದೆ ನೋಡು" ಅಂದೆ. "ಏಕಾದಶಿ ಉಪವಾಸ ಮಾಡದೋನಿಗೆ ದ್ವಾದಶಿ ಲೆಕ್ಕ ಯಾಕೋ?" ಅಂದರೂ ಕನ್ನಡಕ ಹಾಕಿಕೊಂಡು ನೋಡಿ ಹೇಳಿದಳು.

ತ್ರಯೋದಶಿಗೆ ಇನ್ನೊಂದು ಅನುಕೂಲ ಇದೆ. ಅಷ್ಟಮಿ ಚಂದ್ರ ಸಂಜೆಗೇ ನೆತ್ತಿಗೆ ಬಂದಿರುತ್ತಾನೆ, ಆಗ ತಾರಸಿ ಹಗಲಿನ ಶಾಖವನ್ನೆಲ್ಲ ಬಿಡುತ್ತಿರುತ್ತದೆ. ಕಾದ ಕಾವಲಿಯ ಮೇಲಿನ ಗಾಳಿಯ ಹಾಗೆ ಚಿತ್ರ ಕುದಿಯುತ್ತದೆ. ಸಿಮೆಂಟಿನ ಮೇಲೆ ಎರಡು ಬಿಂದಿಗೆ ನೀರು ಸುರಿದರೆ ಒಂದಿಷ್ಟು ವಾಸಿ. ತ್ರಯೋದಶಿ ಚಂದ್ರ ನೆತ್ತಿಗೇರುವುದು ರಾತ್ರಿ ಹತ್ತರ ಮೇಲೆ. ಅಷ್ಟು ಹೊತ್ತಿಗೆ ತಾರಸಿಯೂ ಟೆಲಿಸ್ಕೋಪಿನ ಕನ್ನಡಿಯೂ ತಣ್ಣಗಾಗಿರುತ್ತವೆ.

ಆದರೆ ನಮ್ಮ ಮೈಸೂರಿನ ಅಕ್ಷಾಂಶದಲ್ಲಿ ನೆತ್ತಿಯೇ ಒಂದು ತಲೆನೋವು. ಚಂದ್ರ ಅಲ್ಲಿದ್ದಾಗ ನಡುವೆ ಗಾಳಿ ಕಡಿಮೆ, ಚಿತ್ರ ಚೊಕ್ಕ. ಯುರೋಪಿನವರು ಹೊಟ್ಟೆ ಉರಿದುಕೊಳ್ಳಬೇಕು. ಡಾಬ್ಸೋನಿಯನ್ ಮಾತ್ರ ನೆಟ್ಟಗೆ ನಿಂತುಬಿಟ್ಟರೆ ಪಕ್ಕಕ್ಕೆ ತಿರುಗಿಸಲು ಹಿಡಿತವೇ ಸಿಗುವುದಿಲ್ಲ. ನೆತ್ತಿಗಿಂತ ಇಪ್ಪತ್ತು ಡಿಗ್ರಿ ಕೆಳಗಿರುವಾಗಲೇ ಕೆಲಸ ಮುಗಿಸುವುದು ಸಲೀಸು.

ನನ್ನದರಲ್ಲಿ ಮೋಟರ್ ಇಲ್ಲ. ಕುಳಿಯನ್ನು ಫ್ರೇಮಿನ ಒಂದು ಅಂಚಿಗೆ ತಂದು ಕೈ ಬಿಡುತ್ತೇನೆ, ಭೂಮಿ ತಿರುಗಿದಂತೆ ಅದು ಇನ್ನೊಂದು ಅಂಚಿಗೆ ಹೋಗಲು ಅರ್ಧ ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತದೆ. ಅಷ್ಟರಲ್ಲಿ ಸೆಕೆಂಡಿಗೆ ನೂರರಂತೆ ಮೂರು ಸಾವಿರ ಫ್ರೇಮು, ಆರು ಜಿಬಿ. ಆಟೋಸ್ಟಾಕರ್ಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಚೊಕ್ಕವಾದ ಹತ್ತು ಶೇಕಡಾ ಆರಿಸಿ ಒಂದರ ಮೇಲೊಂದು ಪೇರಿಸಿ, ರಿಜಿಸ್ಟ್ಯಾಕ್ಸ್ ಅನ್ನುವ ಇನ್ನೊಂದರಲ್ಲಿ ವೇವ್‌ಲೆಟ್ ಕೊಡುವುದು, ಅಂದರೆ ವಿವರಗಳನ್ನು ಚೂಪು ಮಾಡುವುದು. ವೇವ್‌ಲೆಟ್ ಕೊಡುವಾಗ ಕೈ ಬಿಗಿ ಇರಬೇಕು. ಜಾಸ್ತಿ ಎಳೆದರೆ ಕುಳಿಗಳ ಸುತ್ತ ಇಲ್ಲದ ಬಿಳಿ ಬಳೆ ಮೂಡುತ್ತವೆ, ನೋಡಿದವರು ಅದನ್ನೇ ವಿವರ ಅಂದುಕೊಳ್ಳುತ್ತಾರೆ.

ದಾರಿ ಹುಡುಕುವುದು ಸುಲಭ. 40 ಕಿ.ಮೀ. ಅಗಲದ ಅರಿಸ್ಟಾರ್ಕಸ್ ಕುಳಿ ಕಣ್ಣು ಕುಕ್ಕುವಷ್ಟು ಬೆಳ್ಳಗಿದೆ. ಅದರ ಪಕ್ಕ ಮಂಕಾದ ಹೆರೊಡೋಟಸ್. ಅದರ ಉತ್ತರಕ್ಕೆ ನಾಗರಹೆಡೆಯಂತೆ ಅಗಲವಾಗಿ ಶುರುವಾಗಿ ಬಳುಕುತ್ತ ಸಣ್ಣದಾಗುವ ಶ್ರೋಟರ್ ಕಣಿವೆ. ಹೆರೊಡೋಟಸ್‌ನಿಂದ ವಾಯವ್ಯಕ್ಕೆ ಇನ್ನೂರು ಕಿ.ಮೀ.ಗೆ ತುಸು ಕಡಿಮೆ ದೂರದಲ್ಲಿ ರಾಮನ್. ಎಕ್ಸ್‌ಪೋಶರ್ ಮಾತ್ರ ಎಳೆದಾಟ. ಅರಿಸ್ಟಾರ್ಕಸ್ ಸುಟ್ಟುಹೋಗದ ಹಾಗೆ ಇಟ್ಟರೆ ಗಡಿಯ ಹತ್ತಿರದ ರಾಮನ್ ಕತ್ತಲಲ್ಲಿ ಮುಳುಗುತ್ತದೆ. ಅರಿಸ್ಟಾರ್ಕಸ್‌ನ್ನು ಫ್ರೇಮಿನಿಂದ ಆಚೆಗೇ ಇಟ್ಟೆ. ಕೆಂಪು ಫಿಲ್ಟರ್ ಹಾಕಿದ ಮೇಲೆ ಅಲುಗಾಟವೂ ತಗ್ಗಿತು.

ಮುಂದಿನದು ಇದೇ ಕುಳಿಯ ಸಂಜೆ. ಕೃಷ್ಣಪಕ್ಷದ ದ್ವಾದಶಿಗೆ ಬಿಸಿಲು ಆ ಕಡೆಯಿಂದ ಬಂದು ಪೂರ್ವದ ಒಳಗೋಡೆ ಬೆಳಗಬೇಕು. ಆ ದಿನ ಚಂದ್ರ ಹುಟ್ಟುವುದು ಸೂರ್ಯನಿಗಿಂತ ಎರಡೂವರೆ ಮೂರು ಗಂಟೆ ಮುಂಚೆ, ಬೆಳಗಾಗುವಷ್ಟರಲ್ಲಿ ಹೆಚ್ಚು ಮೇಲೇರಿರುವುದಿಲ್ಲ. ನಮ್ಮ ತಾರಸಿಯಿಂದ ಪೂರ್ವಕ್ಕೆ ನೀರಿನ ಟ್ಯಾಂಕ್ ಅಡ್ಡ. ಟೆಲಿಸ್ಕೋಪನ್ನು ಎದುರಿನ ಖಾಲಿ ಸೈಟಿಗೆ ಹೊರಬೇಕು, ಬೀದಿನಾಯಿಗಳ ಜೊತೆ ಒಪ್ಪಂದ ಮೊದಲೇ ಆಗಬೇಕು. ಬಿಸ್ಕತ್ತು ತಂದಿಟ್ಟಿದ್ದೇನೆ.