ಮನೆಯಲ್ಲೇ ಪಾಲಿಮರ್ ಕ್ಲೇ ಕಿವಿಯೋಲೆ

ಪಾಲಿಮರ್ ಕ್ಲೇಯಲ್ಲಿ ನನಗೆ ಬಹಳ ಹಿಡಿಸಿದ್ದು ಅದು ಅವಸರಪಡಿಸುವುದಿಲ್ಲ ಎಂಬುದು. ಪಿವಿಸಿ ಪುಡಿಗೆ ಮೆದುಗೊಳಿಸುವ ದ್ರವವನ್ನೂ ಬಣ್ಣವನ್ನೂ ಬೆರೆಸಿ ತಯಾರಿಸುವ ಈ ವಸ್ತು ಗಾಳಿಗೆ ಒಣಗುವುದಿಲ್ಲವಾದ್ದರಿಂದ, ಅರ್ಧ ಮಾಡಿದ ಕಿವಿಯೋಲೆಯನ್ನು ಮುಚ್ಚಿಟ್ಟು ಬಿಡುವಾದಾಗ ಮುಂದುವರಿಸಬಹುದು.

ಕ್ಲೇಯನ್ನು ಮೊದಲು ಚೆನ್ನಾಗಿ ನಾದಬೇಕು. ಮಡಚಿದರೂ ಅಂಚು ಬಿರಿಯದಷ್ಟು ಹದಕ್ಕೆ ಬಂದ ಮೇಲೆ ಸುಮಾರು 3 ಮಿ.ಮೀ. ದಪ್ಪಕ್ಕೆ ಲಟ್ಟಿಸುತ್ತೇನೆ. ಆ ಹಾಳೆಯನ್ನು ಸೆರಾಮಿಕ್ ಟೈಲ್ ಮೇಲೆಯೇ ಹರಡಿ, ಅಚ್ಚಿನಿಂದ ಕತ್ತರಿಸಿ, ಸುತ್ತಲಿನ ಹೆಚ್ಚುವರಿಯನ್ನಷ್ಟೇ ತೆಗೆದರೆ, ಬಿಲ್ಲೆಗಳನ್ನು ಎತ್ತಿಡುವಾಗ ಆಕಾರ ಕೆಡುವ ಪ್ರಮೇಯವೇ ಬರುವುದಿಲ್ಲ. ಬಿಳಿಯ ಕ್ಲೇ ಮಾತ್ರ ಮಹಾ ರಗಳೆ: ಬಟ್ಟೆಯ ಎಳೆ, ಹಿಂದಿನ ಬಣ್ಣದ ಕಲೆ, ಬೆರಳಿನ ಗುರುತು ಎಲ್ಲವೂ ಅದರ ಮೇಲೆ ಎದ್ದು ಕಾಣುತ್ತವೆ. ಅದರ ಕೆಲಸವನ್ನು ಮೊದಲೇ ಮುಗಿಸುವುದು ಜಾಣತನ.

ಬೇಯಿಸುವಾಗ ಅಂದಾಜು ನಡೆಯುವುದಿಲ್ಲ. ಪೊಟ್ಟಣದ ಮೇಲೆ ಸೂಚಿಸುವ ತಾಪಮಾನ ಸಾಮಾನ್ಯವಾಗಿ 110ರಿಂದ 135 ಡಿಗ್ರಿ ಸೆಲ್ಸಿಯಸ್ ನಡುವೆ ಇರುತ್ತದೆ. ಓವನ್ ತೋರಿಸುವ ಅಂಕಿಗೂ ಒಳಗಿನ ನಿಜವಾದ ಶಾಖಕ್ಕೂ ವ್ಯತ್ಯಾಸವಿರಬಹುದಾದ್ದರಿಂದ ಒಳಗೊಂದು ಪ್ರತ್ಯೇಕ ಥರ್ಮಾಮೀಟರ್ ಇಡುವುದು ಒಳ್ಳೆಯದು. ಸರಿಯಾಗಿ ಬೆಂದ ತೆಳು ಬಿಲ್ಲೆ ತುಸು ಬಾಗಿ ಮತ್ತೆ ನೆಟ್ಟಗಾಗುತ್ತದೆ, ಅರೆಬೆಂದದ್ದು ಮುರಿಯುತ್ತದೆ. ಸುಟ್ಟು ಕರಕಲಾದರೆ ಕಣ್ಣು, ಗಂಟಲುಗಳನ್ನು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುವುದರಿಂದ ಕೂಡಲೇ ಓವನ್ ಆರಿಸಿ ಕಿಟಕಿ ತೆರೆಯಬೇಕು.

ತಣಿದ ಬಿಲ್ಲೆಗಳ ಅಂಚನ್ನು ನೀರಿನಲ್ಲಿ ನೆನೆಸಿದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿದರೆ ಪುಡಿ ಹಾರುವುದಿಲ್ಲ. ಬಳಿಕ ಕೈ ಡ್ರಿಲ್‌ನಿಂದ ರಂಧ್ರ ಕೊರೆದು, ಜಂಪ್ ರಿಂಗ್ ಎಂಬ ಸೀಳಿರುವ ಪುಟ್ಟ ಲೋಹದ ಉಂಗುರವನ್ನು ಎರಡು ಇಕ್ಕಳಗಳಿಂದ ಹಿಂದೆಮುಂದೆ ತಿರುಚಿ ತೆರೆದು ಕೊಕ್ಕೆಗೆ ಸೇರಿಸುತ್ತೇನೆ. ಅಗಲಕ್ಕೆ ಎಳೆದರೆ ಉಂಗುರದ ದುಂಡು ಕೆಡುತ್ತದೆ.