ಇಷ್ಟು ಸಣ್ಣ ಕಲ್ಲಲ್ಲಿ ಯಾರು ನೋಡ್ತಾರೆ?

ಮೊನ್ನೆ ಚಿಕ್ಕಮಗಳೂರಿನ ಒಂದು ಒಡವೆ ಅಂಗಡಿಯಲ್ಲಿ ಕೇಳಿದ ಮಾತು ಇನ್ನೂ ತಲೆಯಿಂದ ಹೋಗಿಲ್ಲ. "ಇಷ್ಟು ಸಣ್ಣ ಕಲ್ಲಲ್ಲಿ ಯಾರು ನೋಡ್ತಾರೆ ಮೇಡಂ?"

ಚಿಕ್ಕಮ್ಮನ ಮಗಳಿಗೆ ಮದುವೆ. ಏಳು ಕಲ್ಲಿನ ವಜ್ರದ ಓಲೆ ಆಗಲೇಬೇಕು. ಕಾಫಿ ಮಾರಿದ ದುಡ್ಡು ಕೈಯಲ್ಲಿತ್ತು, ಹೊರಟೆವು. ಚಿಕ್ಕಮ್ಮ ಸಾಮಾನ್ಯದವರಲ್ಲ. ಚೆರಿ (ಒಣಗಿದ ಕಾಫಿ ಹಣ್ಣು) ಮೂಟೆ ಕೊಡುವಾಗ ಔಟ್‌ಟರ್ನ್ (ಅದರಿಂದ ಸಿಗುವ ಬೀಜ) ಎಷ್ಟು, ತೇವ ಎಷ್ಟು ಅಂತ ಒಂದೊಂದು ಪಾಯಿಂಟಿಗೂ ವ್ಯಾಪಾರಿ ಜೊತೆ ಜಗಳ ಆಡುತ್ತಾರೆ. ಚಿಕ್ಕಪ್ಪ ಮಾತ್ರ ದಾಕ್ಷಿಣ್ಯದ ಮನುಷ್ಯ. ಅಂಗಡಿಯವರು ಕೂರಿಸಿ ಜ್ಯೂಸ್ ಕೊಟ್ಟರೆ ಸಾಕು, ಆಮೇಲೆ ಅವರ ಬಾಯಿಂದ ಒಂದು ಪ್ರಶ್ನೆಯೂ ಬರುವುದಿಲ್ಲ.

ಕೌಂಟರಿನ ಹುಡುಗ ಓಲೆ ಇಟ್ಟು, "ವಿವಿಎಸ್ ಕ್ಲಾರಿಟಿ, ಇ-ಎಫ್ ಕಲರ್, ಬ್ಲೂ ಜಾಗರ್ ಮಾಲು" ಅಂತ ಒಂದೇ ಉಸಿರಿನಲ್ಲಿ ಹೇಳಿದ. ಕ್ಲಾರಿಟಿ ಅಂದರೆ ಕಲ್ಲಿನ ಚೊಕ್ಕತನ, ಇ-ಎಫ್ ಅಂದರೆ ಬಣ್ಣವೇ ಇಲ್ಲದ ಕಲ್ಲು. ಬ್ಲೂ ಜಾಗರ್ ಅಂದರೆ ನಮ್ಮ ಅಜ್ಜಿಯರ ಕಿವಿ ಅರಳುತ್ತಿತ್ತು. ಅದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು. ಆ ಗಣಿ ಮುಚ್ಚಿ ದಶಕಗಳೇ ಕಳೆದಿವೆ. ಈಗ ಕಲ್ಲು ಸ್ವಲ್ಪ ನೀಲಿ ಹೊಡೆದರೂ ಆ ಹೆಸರು ಹಚ್ಚುತ್ತಾರೆ.

ಲೆನ್ಸ್ ಕೇಳಿದೆ. ಎರಡು ಸಲ ಕೇಳಿದ ಮೇಲೆ ಬಂತು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಾಮೂಲಿ ಲೆನ್ಸ್. ಬಲ ಓಲೆಯ ನಡುಗಲ್ಲಿನಲ್ಲಿ, ಅಂಚಿನ ಹತ್ತಿರ, ಸಾಸಿವೆಯ ಸಿಪ್ಪೆ ಚೂರಿನಂಥ ಒಂದು ಕಪ್ಪು ಚುಕ್ಕೆ. ವಿವಿಎಸ್ ಅಂದರೆ ಪಳಗಿದ ಕಣ್ಣಿಗೂ ಈ ಲೆನ್ಸಿನಲ್ಲಿ ದೋಷ ಸಿಗುವುದು ಬಹಳ ಕಷ್ಟ. ನನಗೇ ಕಂಡಿತು ಅಂದರೆ ಅದು ಹೇಗೆ ವಿವಿಎಸ್? ತೋರಿಸಿದೆ. ಆಗ ಬಂದ ಉತ್ತರವೇ ಅದು. ಇಷ್ಟು ಸಣ್ಣ ಕಲ್ಲಲ್ಲಿ ಯಾರು ನೋಡ್ತಾರೆ?

ಯಾರೂ ನೋಡಲ್ಲ ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ವಿವಿಎಸ್ ರೇಟು ಯಾಕೆ? ದುಡ್ಡು ಕೇಳುವಾಗ ಇರುವ ಗುಣ, ತೋರಿಸಿ ಅಂದಾಗ ಎಲ್ಲಿ ಹೋಯಿತು? ಚುಕ್ಕೆ ಇರುವ ಕಲ್ಲಿನ ಮೇಲೆ ನನಗೆ ಕೋಪ ಇಲ್ಲ. ಎಸ್‌ಐ ಕಲ್ಲನ್ನು ಎಸ್‌ಐ ಅಂತ ಹೇಳಿ, ಅದರ ಬೆಲೆಗೇ ಕೊಡಲಿ. ಲೆನ್ಸಿನಲ್ಲಿ ದೋಷ ಕಾಣುವ, ವಿವಿಎಸ್‌ಗಿಂತ ಕೆಳಗಿನ ದರ್ಜೆ ಅದು. ಬರಿಗಣ್ಣಿಗೆ ಎಷ್ಟೋ ಎಸ್‌ಐ ಕಲ್ಲುಗಳು ಚೊಕ್ಕವಾಗೇ ಕಾಣುತ್ತವೆ.

ನನ್ನ ಪ್ರಕಾರ ಕ್ಲಾರಿಟಿಗಿಂತ ಮೊದಲು ನೋಡಬೇಕಾದ್ದು ಕಟ್, ಅಂದರೆ ಕಲ್ಲನ್ನು ಯಾವ ಅಳತೆಯಲ್ಲಿ ಕತ್ತರಿಸಿದ್ದಾರೆ ಅನ್ನುವುದು. ಅದರ ಬಗ್ಗೆ ಆ ಹುಡುಗ ಒಂದು ಮಾತೂ ಆಡಲಿಲ್ಲ. ಅಂಗಡಿಯ ಸ್ಪಾಟ್‌ಲೈಟ್ ಕೆಳಗೆ ಹದಿನಾಲ್ಕು ಕಲ್ಲೂ ಉರಿಯುತ್ತಿದ್ದವು. ಓಲೆಯನ್ನು ಬಾಗಿಲ ಹತ್ತಿರ, ಹಗಲು ಬೆಳಕಿಗೆ ತಂದೆವು. ಎಡ ಓಲೆಯಲ್ಲಿ ಎರಡು ಕಲ್ಲು ನಡುವೆ ಮಂಕಾಗಿ ಬರೀ ಗಾಜಿನ ಹಾಗೆ ಕಂಡವು. ಕಟ್ ಸರಿ ಇದ್ದರೆ ಮೇಲಿಂದ ಹೋದ ಬೆಳಕು ಒಳಗೆ ತಿರುಗಿ ಮೇಲಕ್ಕೇ ಬರುತ್ತದೆ. ಕಲ್ಲು ತೀರಾ ಆಳ ಆದರೂ, ತೀರಾ ಚಪ್ಪಟೆ ಆದರೂ ಬೆಳಕು ಕೆಳಗೋ ಪಕ್ಕಕ್ಕೋ ಸೋರಿಹೋಗುತ್ತದೆ. ಹಿಂದೆ ತಿರುಗಿಸಿ ನೋಡೋಣ ಅಂದರೆ ಪೂರ್ತಿ ಚಿನ್ನದ ಮುಚ್ಚಿಗೆ. ಹಳದಿ ಚಿನ್ನದಲ್ಲಿ ಕೂತ ಕಲ್ಲಿನ ಬಣ್ಣ ಹೇಳುವುದೂ ಸುಲಭ ಅಲ್ಲ.

ಸರ್ಟಿಫಿಕೇಟ್ ಕೇಳಿದರೆ ಚಿನ್ನದ ಮೇಲಿನ ಹಾಲ್‌ಮಾರ್ಕ್ ತೋರಿಸಿದ. ಆ ಆರು ಅಕ್ಷರದ ಎಚ್‌ಯುಐಡಿ (ಒಡವೆಯ ಗುರುತಿನ ಕೋಡ್) ಚಿನ್ನದ ಶುದ್ಧತೆಗೆ ಮಾತ್ರ, ವಜ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಇನ್ನೊಂದು ವಿಷಯ. ಒಟ್ಟು ಒಂದು ಕ್ಯಾರೆಟ್, ಅಂದರೆ 200 ಮಿಲಿಗ್ರಾಂ, ಅಂತ ಹೇಳಿ ಒಂದೇ ದೊಡ್ಡ ಕಲ್ಲಿನ ಲೆಕ್ಕದಲ್ಲಿ ಬೆಲೆ ಹೇಳಿದ. ಹದಿನಾಲ್ಕು ಸಣ್ಣ ಕಲ್ಲು ಸೇರಿ ಒಂದು ಕ್ಯಾರೆಟ್ ಆಗುವುದಕ್ಕೂ, ಒಂದೇ ಕಲ್ಲು ಒಂದು ಕ್ಯಾರೆಟ್ ಇರುವುದಕ್ಕೂ ಬೆಲೆಯಲ್ಲಿ ಭಾರೀ ಅಂತರ ಇದೆ. ಕಲ್ಲು ದೊಡ್ಡದಾದಷ್ಟೂ ಕ್ಯಾರೆಟ್ಟಿನ ರೇಟೇ ಏರುತ್ತದೆ.

"ಸುಮ್ನೆ ಇರು, ಗೊತ್ತಿರೋರ ಅಂಗಡಿ" ಅಂತ ಚಿಕ್ಕಪ್ಪ ಮೆಲ್ಲಗೆ ಗದರಿದರು. ನಮ್ಮ ಮನೆಗಳಲ್ಲಿ ಇದೇ ಆಗುವುದು ಅಲ್ವಾ? ವರ್ಷಗಟ್ಟಲೆ ತೋಟದಲ್ಲಿ ದುಡಿದ ದುಡ್ಡು. ಪ್ರಶ್ನೆ ಕೇಳಿದರೆ ಮಾತ್ರ ಮರ್ಯಾದೆ ಹೋಗುತ್ತದೆ. ಅದರಲ್ಲೂ ಹೆಂಗಸರು ಕೇಳಿದರೆ ಇನ್ನೂ ಜಾಸ್ತಿ. ಜೀವಮಾನದಲ್ಲಿ ಒಂದೋ ಎರಡೋ ಸಲ ವಜ್ರ ಕೊಳ್ಳುವವರು ಬಾಯಿಬಿಟ್ಟು ಕೇಳದೆ ಇನ್ಯಾರು ಕೇಳಬೇಕು?

ಚಿಕ್ಕಮ್ಮ ಓಲೆಯನ್ನು ಟ್ರೇಯಲ್ಲಿಟ್ಟು ಹೇಳಿದರು: "ಬಿಲ್ಲಲ್ಲಿ ವಿವಿಎಸ್ ಅಂತ ಬರೆದು ಸಹಿ ಹಾಕಿ ಕೊಡಪ್ಪ, ಈಗಲೇ ತಗೋತೀನಿ." ಹುಡುಗ ಮಾಲೀಕರನ್ನು ಕೇಳಲು ಒಳಗೆ ಹೋದ. ಬಂದವನು, ಬಿಲ್ಲಲ್ಲಿ ಬರೀ "ಡೈಮಂಡ್" ಅಂತ ಬರೆಯುವುದು ಪದ್ಧತಿ ಅಂದ. ಪಾಪ, ಅವನಿಗೆ ಕಲಿಸಿದ್ದೇ ಅಷ್ಟು. ನನ್ನ ಸಿಟ್ಟು ಒಳಗೆ ಕೂತವರ ಮೇಲೆ.

ನಾವು ಎದ್ದು ಬಂದೆವು. ಈಗ ಇನ್ನೊಬ್ಬರ ಹತ್ತಿರ ಮಾತಾಡಿದ್ದೇವೆ. ಕಲ್ಲನ್ನು ಬಿಡಿಯಾಗಿ ತೋರಿಸಿ, ನಾವು ಒಪ್ಪಿದ ಮೇಲೇ ಕಟ್ಟುತ್ತಾರಂತೆ. ಚಿನ್ನದ ತೂಕ, ಕಲ್ಲಿನ ತೂಕ ಬಿಲ್ಲಲ್ಲಿ ಬೇರೆ ಬೇರೆ ಬರುತ್ತದೆ. ಕಲ್ಲು ಗಣಿಯದೋ ಲ್ಯಾಬಿನಲ್ಲಿ ಬೆಳೆಸಿದ್ದೋ ಅನ್ನುವುದೂ ವಜ್ರ ಪರೀಕ್ಷೆಯ ರಿಪೋರ್ಟಿನಲ್ಲಿ ಇರಲೇಬೇಕು ಅಂತ ಚಿಕ್ಕಮ್ಮ ಹೇಳಿಯಾಗಿದೆ. ಅಂಗಡಿಯ ಟೆಸ್ಟರ್ ಪೆನ್ನು ಎರಡಕ್ಕೂ ವಜ್ರ ಅಂತಲೇ ಬೀಪ್ ಹೊಡೆಯುತ್ತದೆ.